ಕೂತಲ್ಲಿ ಕೂರದ ಹುಡುಗ

ಮಕ್ಕಳು ಶಾಲೆಗೆ ಬರಲೇಬೇಕೆಂಬ ಕಟ್ಟಳೆ ಮೈಸೂರು ಸಂಸ್ಥಾನದ ಕೆಲವು ಆಯ್ದ ಊರುಗಳಿಗೆ ಬಂದದ್ದು ೧೯೧೩ರ ಕಾನೂನಿನಿಂದ. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೇ, ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಾಗಬೇಕೆಂದು ಹಟ ಹಿಡಿದವರು. ೧೯೨೩ರಲ್ಲಿ ಅದರ ಕುಲುಮೆ ಹೊತ್ತಿಕೊಂಡಿತು. ಶಾಲೆಯ ಗಂಟೆ, ಕಾರ್ಖಾನೆಯ ಕೂಗು ಎರಡೂ ಒಂದೇ ತಲೆಮಾರಿನಲ್ಲಿ ನಮ್ಮವರ ಕಿವಿಗೆ ಬಿದ್ದವು. ಕೂತಲ್ಲಿ ಕೂರಲಾರದ ಹುಡುಗನು ಒಂದು ‘ಸಮಸ್ಯೆ’ಯಾದದ್ದು ಅಲ್ಲಿಂದೀಚೆಗೆ ಎಂಬುದು ನನ್ನ ಎಣಿಕೆ.

ಕೂಲಿಮಠದ ಕಾಲದಲ್ಲಿ ಇಂಥ ಹುಡುಗರು ಇರಲಿಲ್ಲವೆಂದಲ್ಲ. ಜಗಲಿಯ ಮೇಲೆ ಮರಳು ಹರವಿ ಅಕ್ಷರ ತಿದ್ದುವುದು, ಎಲ್ಲರೂ ಗಂಟಲು ಹರಿಯುವಂತೆ ಮಗ್ಗಿ ಒದರುವುದು, ಹಿರಿಯ ಹುಡುಗ ಕಿರಿಯನಿಗೆ ಹೇಳಿಕೊಡುವುದು. ಆ ಗದ್ದಲದಲ್ಲಿ ಚಂಚಲನೂ ಹೇಗೋ ಸೇರಿಹೋಗುತ್ತಿದ್ದ. ಆದರೆ ಆ ಕಾಲವನ್ನು ಹೊಗಳುವ ಉಮೇದು ನನಗಿಲ್ಲ. ಮಿತಿ ಮೀರಿದವನಿಗೆ ಕೋದಂಡ ಕಾದಿತ್ತು. ತೊಲೆಯ ಹಗ್ಗ ಹಿಡಿಸಿ ನೇತಾಡಿಸುವುದು, ಕೆಳಗಿನಿಂದ ಬೆತ್ತ ಬೀಸುವುದು! ಅದಕ್ಕೂ ಬಗ್ಗದವನು ದನ ಕಾಯಲು ಹೋಗುತ್ತಿದ್ದ. ಅಲ್ಲಿ ಅವನ ಕಾಲಿನ ಚುರುಕೇ ಗುಣವೆನಿಸುತ್ತಿತ್ತು. ಅಕ್ಷರ ಮಾತ್ರ ಅವನ ಪಾಲಿಗೆ ಅಲ್ಲಿಗೆ ಮುಗಿಯಿತು.

೧೯೦೨ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಾನು ಕಂಡ ೪೩ ಮಕ್ಕಳ ವಿಷಯವಾಗಿ ಉಪನ್ಯಾಸ ಮಾಡಿದ. ಬುದ್ಧಿಗೆ ಕೊರತೆಯಿಲ್ಲದವರೂ ಅವರಲ್ಲಿದ್ದರು. ಆದರೂ ತಮ್ಮನ್ನು ತಾವು ತಡೆದುಕೊಳ್ಳಲಾರರು. ಆತ ಅದನ್ನು ‘ನೈತಿಕ ಹತೋಟಿ’ಯ ದೋಷವೆಂದು ಕರೆದ. ನೀತಿಗೂ ಇದಕ್ಕೂ ಏನು ನಂಟು ಎಂದು ನಾವಿಂದು ನಗಬಹುದು. ಆದರೆ ಪೋಲಿತನವೆಂದು ಹೊಡೆದು ಓಡಿಸದೆ ವೈದ್ಯನೊಬ್ಬ ಎದುರು ಕೂತು ನೋಡಿದನಲ್ಲ, ಅದು ದೊಡ್ಡದು. ಅಮೆರಿಕದ ಮನೋವೈದ್ಯರು ೧೯೬೮ರಲ್ಲಿ ಅದಕ್ಕೆ ಅತಿಚಟುವಟಿಕೆಯೆಂದರು, ೧೯೮೦ರಲ್ಲಿ ಗಮನದ ಕೊರತೆಯೆಂದರು, ೧೯೮೭ರಲ್ಲಿ ಎರಡನ್ನೂ ಬೆಸೆದರು. ಎ.ಡಿ.ಎಚ್.ಡಿ. ಎಂಬ ನಾಲ್ಕಕ್ಷರ ಹುಟ್ಟಿದ್ದು ಹಾಗೆ.

ನಮ್ಮಲ್ಲಿ ಮೊದಲು ಲಕ್ಷ್ಯಕ್ಕೆ ಬಂದದ್ದು ಹೊರಗೆ ಕಾಣುವ ಊನ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗಾಗಿ ಮೈಸೂರಿನಲ್ಲಿ ೧೯೦೧ರಲ್ಲೇ ಶಾಲೆ ತೆರೆಯಿತು. ಮನಸ್ಸಿನ ವಿಷಯಕ್ಕೆ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬರಲು ೧೯೫೪ ಆಗಬೇಕಾಯಿತು. ೧೯೭೪ರಲ್ಲಿ ಅದು ನಿಮ್ಹಾನ್ಸ್ ಆಯಿತು. ಮಲೆನಾಡಿನ ತಾಯಿಗೆ ಬೆಂಗಳೂರು ದೂರ. ‘ಹುಚ್ಚಾಸ್ಪತ್ರೆ’ ಎಂಬ ಮಾತಿನ ಅಂಜಿಕೆ ಅದಕ್ಕಿಂತ ದೊಡ್ಡದು. ಆ ಅಂಜಿಕೆಯನ್ನು ನಮ್ಮ ಕಡೆ ತಕ್ಕಮಟ್ಟಿಗೆ ಕರಗಿಸಿದವರು ಶಿವಮೊಗ್ಗದ ಡಾ. ಅಶೋಕ್ ಪೈ. ೨೦೧೬ರಲ್ಲಿ ತೀರಿಕೊಂಡ ಈ ಮನೋವೈದ್ಯರು ರೋಗಿಗಳನ್ನು ನೋಡಿದ್ದಲ್ಲದೆ ಮನಸ್ಸಿನ ತೊಡಕುಗಳನ್ನು ಕಥೆಯಾಗಿ ಬರೆದರು, ಸಿನಿಮಾಕ್ಕೂ ತಂದರು. ೧೯೮೮ರ ‘ಕಾಡಿನ ಬೆಂಕಿ’ಗೆ ರಾಷ್ಟ್ರಪ್ರಶಸ್ತಿ ಬಂತು.

ವಿಕಲಚೇತನ ಮಕ್ಕಳಿಗೆ ಸಾಮಾನ್ಯ ಶಾಲೆಯಲ್ಲೇ ಕಲಿಸುವ ಕೇಂದ್ರದ ಯೋಜನೆ ೧೯೭೪ರದು. ಈಗ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಸಮನ್ವಯ ಶಿಕ್ಷಣದ ಶಿಕ್ಷಕರಿದ್ದಾರೆ. ಇಡೀ ತಾಲ್ಲೂಕು ಸುತ್ತುವ ಬೆರಳೆಣಿಕೆಯ ಜನ. ೨೦೦೯ರ ಶಿಕ್ಷಣ ಹಕ್ಕಿನ ಕಾನೂನು ಬೆತ್ತವನ್ನು ಕಸಿದುಕೊಂಡಿತು, ಒಳ್ಳೆಯದೇ ಆಯಿತು. ಬೆತ್ತದ ಜಾಗಕ್ಕೆ ಬರಬೇಕಾದದ್ದೂ ಮಹಾ ವಿದ್ಯೆಯೇನಲ್ಲ. ಹುಡುಗನನ್ನು ಮುಂದಿನ ಬೆಂಚಿಗೆ ಕರೆಯುವುದು, ಒಮ್ಮೆಗೆ ಒಂದೇ ಮಾತು ಹೇಳುವುದು, ಪಾಠವನ್ನು ತುಂಡುಮಾಡಿ ಕೊಡುವುದು, ನಡುನಡುವೆ ಸೀಮೆಸುಣ್ಣ ತರಲು ಓಡಿಸುವುದು. ತುಂಬಿದ ತರಗತಿಯ ಮುಂದೆ ಒಂಟಿಯಾಗಿ ನಿಂತ ಉಪಾಧ್ಯಾಯಿನಿಗೆ ಇಷ್ಟಾದರೂ ಕಲಿಸಿಕೊಡುವವರು ಬೇಕಷ್ಟೆ.

೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನಿನ ಪಟ್ಟಿಯಲ್ಲಿ ೨೧ ಹೆಸರುಗಳಿವೆ. ಓದು ಲೆಕ್ಕ ಹತ್ತದ ಕಲಿಕೆಯ ದೋಷ ಅದರಲ್ಲಿದೆ, ಆಟಿಸಂ ಇದೆ. ಗಮನ ನಿಲ್ಲದ ಹುಡುಗನಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಭದ್ರಾವತಿಯ ತಾಯಿಯೊಬ್ಬಳನ್ನು ಬಲ್ಲೆ. ಮಗನನ್ನು ಕರೆದುಕೊಂಡು ಸುಮಾರು ೨೦ ಕಿಲೋಮೀಟರು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿಬರುತ್ತಾಳೆ. ಮದ್ದು ಸಿಕ್ಕಿದೆ, ಸಲಹೆ ಸಿಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವ ಪ್ರಮಾಣಪತ್ರ ಬೇಕಾದರೆ, ಕಲಿಕೆಯ ದೋಷವೂ ಜೊತೆಗಿದೆಯೇ ಎಂದು ನೋಡಬೇಕಂತೆ. ಇದೆಯೆಂದಾಗಲಿ ಎಂದು ಹರಸಿಕೊಳ್ಳಬೇಕೋ, ಇಲ್ಲವೆಂದಾಗಲಿ ಎಂದೋ, ಆಕೆಗೆ ತಿಳಿಯದು. ಬರುವ ವಾರ ಮತ್ತೆ ಹೋಗಬೇಕಾಗಿದೆ.