ಧೈವತದಿಂದ ತಾರ ಷಡ್ಜಕ್ಕೆ: ಕ್ಲಾರಿಯೋನೆಟ್‌ನ ದ್ರುತ ತಾನುಗಳಲ್ಲಿ ಬೆರಳಿನ ನಡೆ

ಶಿರೋಳ, ನರಗುಂದ, ರೋಣದ ಕಡೆ ಜಾತ್ರೆ, ಮದುವೆಗಳ ಬ್ಯಾಂಡಿನಲ್ಲಿ ಕೇಳಿಬರುವ ಕ್ಲಾರಿಯೋನೆಟ್ಟನ್ನು ಹಿಂದೂಸ್ತಾನಿ ಕಛೇರಿಯ ವಾದ್ಯವಾಗಿ ಬೆಳೆಸಿದವರಲ್ಲಿ ರಾಯಚೂರು ಸೀಮೆಯ ಪಂಡಿತ ನರಸಿಂಹಲು ವಡವಾಟಿಯವರ ಹೆಸರು ದೊಡ್ಡದು. ಆ ವಾದ್ಯದಲ್ಲಿ ತಾನು ತಡವರಿಸಿದರೆ ಬೆರಳಿಗೆ ವೇಗ ಸಾಲದೆಂದು ಹೇಳುವುದು ರೂಢಿ. ನನ್ನ ಎಣಿಕೆಯಲ್ಲಿ ತೊಡಕಿನ ಬೇರು ಷಡ್ಜವನ್ನು ಎಲ್ಲಿ ಹಿಡಿದಿದ್ದೇವೆ ಎಂಬುದರಲ್ಲಿದೆ.

ಕೊಳಲು, ಶಹನಾಯಿಗಳಲ್ಲಿ ಉಸಿರಿನ ಒತ್ತಡ ಹೆಚ್ಚಿದರೆ ಸ್ವರ ಒಂದು ಸಪ್ತಕ ಮೇಲೇರುತ್ತದೆ. ಹಿಡಿತ ಬಹುಪಾಲು ಅದೇ. ಕ್ಲಾರಿಯೋನೆಟ್‌ನಲ್ಲಿ ಅದು ಸಪ್ತಕವನ್ನೂ ದಾಟಿ ಮೇಲಿನ ಪಂಚಮಕ್ಕೆ ಹೋಗುತ್ತದೆ. ನಡುವಿನ ಕೆಲವು ಸ್ವರಗಳನ್ನು ರಂಧ್ರಗಳೆಲ್ಲ ತೆರೆದು, ಮೇಲ್ತುದಿಯ ಕೀಲಿಗಳಿಂದ ಹೊರಡಿಸಬೇಕು. ಅವು ದಾಟಿದೊಡನೆ ಎಲ್ಲ ಬೆರಳೂ ಒಟ್ಟಿಗೆ ಕೆಳಗಿಳಿಯಬೇಕು.

ಎಡಗೈಯ ಹೆಬ್ಬೆರಳು ಮತ್ತು ಮೂರು ಬೆರಳು ಮುಚ್ಚಿದಾಗ ಬರುವ ಸ್ವರವನ್ನು ಷಡ್ಜ ಮಾಡಿಕೊಂಡು ಭೂಪ ನುಡಿಸೋಣ. ಧೈವತದಲ್ಲಿ ಎಡ ತೋರುಬೆರಳೊಂದೇ ಕೀಲಿಯ ಮೇಲಿರುತ್ತದೆ. ತಾರ ಷಡ್ಜಕ್ಕೆ ಎಡಗೈಯ ನಾಲ್ಕು, ಬಲಗೈಯ ನಾಲ್ಕು, ಒಟ್ಟು ಎಂಟು ಬೆರಳು ಜಾಗ ಬದಲಿಸಬೇಕು. ನಿಮಿಷಕ್ಕೆ 240 ಮಾತ್ರೆಯ ತೀನ್‌ತಾಲದಲ್ಲಿ ಮಾತ್ರೆಗೆರಡು ಸ್ವರ ಎಂದರೆ ಒಂದು ಸ್ವರಕ್ಕೆ ಸಿಗುವುದು ಸೆಕೆಂಡಿನ ಎಂಟನೇ ಒಂದು ಭಾಗ. ಒಂದು ಬೆರಳು ಹಿಂದುಳಿದರೂ ಷಡ್ಜ ಕೀರಲುತ್ತದೆ. ಪರಿಹಾರ ಸರಳ: ಧೈವತ ನುಡಿಯುತ್ತಿರುವಾಗಲೇ ಬಲಗೈಯ ಮೂರು ಬೆರಳನ್ನು ರಂಧ್ರಗಳ ಮೇಲೂ ಕಿರುಬೆರಳನ್ನು ಅದರ ಕೀಲಿಯ ಮೇಲೂ ಇಳಿಸಿಡಬೇಕು. ಆಗ ದಾಟುವಾಗ ಚಲಿಸುವುದು ಎಡಗೈಯ ನಾಲ್ಕೇ. ಸಡಿಲವೆನಿಸುವ ಆ ಧೈವತದ ನಾದವೂ ಇದರಿಂದ ತುಸು ತುಂಬಿಕೊಳ್ಳುತ್ತದೆ.

ಇನ್ನೊಂದು ದಾರಿ, ಹೆಬ್ಬೆರಳಿನ ಜೊತೆ ಆರೂ ರಂಧ್ರ ಮುಚ್ಚಿದ ಸ್ವರವನ್ನೇ ಷಡ್ಜವೆನ್ನುವುದು. ಆಗ ಮಧ್ಯ ಸಪ್ತಕ ಪೂರ್ತಿ ಕೆಳ ವಲಯದಲ್ಲೇ ಕೂರುತ್ತದೆ. ಭೂಪದಲ್ಲಿ ತೊಡಕಿನ ತಾಣ ತಾರ ರಿಷಭ-ಗಾಂಧಾರಗಳ ನಡುವೆ ಸರಿಯುತ್ತದೆ. ಸಪಾಟ್ ತಾನು ಸಲೀಸು. ಆದರೆ ಮಂದ್ರ ಧೈವತಕ್ಕೇ ವಾದ್ಯ ಮುಗಿಯುತ್ತದೆ, ಮೊದಲಿನ ಹಿಡಿತದಲ್ಲಾದರೆ ಮಂದ್ರ ಗಾಂಧಾರದವರೆಗೆ ಇಳಿಯಬಹುದು. ಆಲಾಪವನ್ನು ಮಂದ್ರದಿಂದ ಕಟ್ಟುವ ಗಾಯಕಿಗೆ ಇದು ಸಣ್ಣ ನಷ್ಟವಲ್ಲ. ನಾನು ಮೊದಲನೆಯದನ್ನೇ ಒಪ್ಪುತ್ತೇನೆ. ತಾನಿನ ತೊಡಕನ್ನು ಸಾಧನೆ ಬಿಡಿಸೀತು, ವಾದ್ಯದಲ್ಲಿ ಇಲ್ಲದ ಮಂದ್ರವನ್ನು ಯಾವ ಸಾಧನೆಯೂ ತಾರದು.

ಪಾಶ್ಚಾತ್ಯ ಕ್ರಮದ ಪಾಠ ಹೇಳುವಂತೆ ಬೆರಳನ್ನು ರಂಧ್ರದ ಸಮೀಪವೇ ಬಾಗಿಸಿ ಇಡುವುದು ತಾನಿಗೆ ಹಿತ. ಮೀಂಡ್‌ಗೆ ಮಾತ್ರ ಬೆರಳು ಚಪ್ಪಟೆಯಾಗಿ, ರಂಧ್ರದಿಂದ ಮೆಲ್ಲನೆ ಜಾರಬೇಕು. ಕ್ಲೋಸೆ ಮತ್ತು ಬಫೆ 1839–43ರ ಅವಧಿಯಲ್ಲಿ ರೂಪಿಸಿದ ಬೋಮ್ ಪದ್ಧತಿಯ ವಾದ್ಯದಲ್ಲಿ ರಂಧ್ರಗಳ ಸುತ್ತ ಉಂಗುರಗಳಿವೆ. ಬೆರಳು ಜಾರುತ್ತಿದ್ದಂತೆ ಉಂಗುರ ಎದ್ದು, ಬೇರೊಂದು ಮುಚ್ಚಳ ಥಟ್ಟನೆ ತೆರೆದು ಮೀಂಡ್ ತುಂಡಾಗುತ್ತದೆ. ಉಂಗುರ ಕಡಿಮೆಯಿರುವ ಹಳೆಯ ಸರಳ ಪದ್ಧತಿಯ ವಾದ್ಯಗಳು ನಮ್ಮ ಸಂಗೀತಕ್ಕೆ ಒಗ್ಗುವುದಕ್ಕೆ ಇದೇ ಕಾರಣ. ಹಾಗಾಗಿ ವಿಲಂಬಿತ್ ಮುಗಿದು ದ್ರುತ್ ಹಿಡಿಯುವ ಹೊತ್ತಿಗೆ ವಾದಕ ಬೆರಳಿನ ಭಂಗಿಯನ್ನೂ ಬದಲಿಸಬೇಕಾಗುತ್ತದೆ, ಮತ್ತು ಆ ಬದಲಾವಣೆಯನ್ನು ಪಲ್ಟಾಗಳಷ್ಟೇ ಶ್ರದ್ಧೆಯಿಂದ ಬೇರೆಯಾಗಿ ಅಭ್ಯಾಸ ಮಾಡಿಸಬೇಕು.