ಎಲೆಕ್ಷನ್ ಚೀಟಿಯೇ ನಮ್ಮ ರಫ್ ಬುಕ್ಕು

1999ರ ಆಗಸ್ಟ್‌ನಲ್ಲಿ ನಮ್ಮೂರ ಹುಡುಗರಿಗೆ ಒಂದು ಭಾಗ್ಯ ಬಂತು. ಒಂದು ಬದಿ ಖಾಲಿ ಇರುವ ಬಿಳಿ ಹಾಳೆ, ಮೂಟೆಗಟ್ಟಲೆ. ಇನ್ನೊಂದು ಬದಿಯಲ್ಲಿ ಚಕ್ರದ ಚಿತ್ರ.

ನಮ್ಮೂರು ವರ್ತೂರಿಗೂ ಸರ್ಜಾಪುರಕ್ಕೂ ನಡುವೆ. ಆಗ ನಾವು ಐದನೇ ಕ್ಲಾಸು. ವೈಟ್‌ಫೀಲ್ಡ್‌ನಲ್ಲಿ ಟೆಕ್ ಪಾರ್ಕ್ ಶುರುವಾಗಿ ಒಂದು ವರ್ಷವಾಗಿತ್ತು. ನಮಗೆ ಅದು ದೂರದಲ್ಲಿ ರಾತ್ರಿ ಹೊತ್ತು ಕಾಣುವ ಬೆಳಕು, ಅಷ್ಟೇ. ಊರಲ್ಲಿ ರಾಗಿ ಹೊಲ, ಹಾಲಿನ ಡೈರಿ, ಎರಡು ಕೋಣೆಯ ಸರ್ಕಾರಿ ಶಾಲೆ.

ಚಕ್ರದ ಹಾಳೆ ಯಾಕೆ ಮೂಟೆಗಟ್ಟಲೆ ಸಿಕ್ಕಿತು ಅನ್ನುವುದಕ್ಕೆ ದೊಡ್ಡ ಕಥೆಯೇ ಇದೆ. ಜನತಾ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1988ರ ಅಕ್ಟೋಬರ್ 11ರಂದು. ಹನ್ನೊಂದು ವರ್ಷ ತುಂಬುವ ಮೊದಲೇ, 1999ರ ಜುಲೈನಲ್ಲಿ ಒಡೆದು ಎರಡಾಯಿತು. ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಒಂದು ಕಡೆ, ದೇವೇಗೌಡರು ಇನ್ನೊಂದು ಕಡೆ. ಚಕ್ರ ನಮಗೆ ಬೇಕು ಅಂತ ಇಬ್ಬರೂ ಹಟ ಹಿಡಿದರು. ಚುನಾವಣಾ ಆಯೋಗ ಯಾರಿಗೂ ಕೊಡಲಿಲ್ಲ.

ಮಾರನೇ ದಿನವೇ ನಮ್ಮ ದೊಡ್ಡಪ್ಪನ ಮನೆ ಹಜಾರದಲ್ಲಿದ್ದ ಕರಪತ್ರಗಳೆಲ್ಲ ರದ್ದಿಯಾದವು. ಹಿಂದಿನ ವರ್ಷ ಲೋಕಸಭೆ ಚುನಾವಣೆಗೆ ಹಂಚಿ ಉಳಿದಿದ್ದವು ಅವು. ಮತ್ತೆ ಬೇಕಾಗುತ್ತದೆ ಅಂತ ಇಲಿ ಹೊಡೆಯದ ಹಾಗೆ ಕಾಪಾಡಿದ್ದರು ಪಾಪ.

ದೊಡ್ಡಮ್ಮ ಒಲೆ ಉರಿಸಲು ಒಂದಷ್ಟು ತೆಗೆದಿಟ್ಟುಕೊಂಡರು. ಮಿಕ್ಕಿದ್ದೆಲ್ಲ ನಮಗೆ. ನಾವು ಒಂದೊಂದು ಕಟ್ಟನ್ನು ಮಡಚಿ, ಗೋಣಿ ಹೊಲಿಯುವ ದಬ್ಬಳದಿಂದ ತೂತು ಮಾಡಿ, ದಾರ ಹಾಕಿ ಹೊಲಿದೆವು. ಆ ವರ್ಷ ಇಡೀ ಐದನೇ ಕ್ಲಾಸಿನ ಲೆಕ್ಕ ಚಕ್ರದ ಬೆನ್ನ ಮೇಲೆ ನಡೆಯಿತು. ಭಾಗಾಕಾರ ಮಾಡುವಾಗ ಹಿಂದಿನ ಶಾಯಿ ಮುಂದಕ್ಕೆ ಮೂಡಿ, ಶೇಷ ಎಷ್ಟು ಬಂತು ಅಂತ ಗೊತ್ತಾಗದೆ ಏಟು ತಿಂದವರೂ ಇದ್ದಾರೆ.

ಆ ಕರಪತ್ರದ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು. ಯಾವ ಪ್ರೆಸ್, ಯಾರು ಪ್ರಕಾಶಕರು ಅಂತ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಅದು ಕಡ್ಡಾಯ ಅಂತ ಡಿಪ್ಲೊಮಾ ಓದುವಾಗ ತಿಳಿಯಿತು. ಐದನೇ ಕ್ಲಾಸಿನಲ್ಲಿ ನಮಗೆ ಅದು ಓದುವ ಆಟ. ಯಾರು ಬೇಗ ಓದುತ್ತಾರೋ ಅವರಿಗೆ ಒಂದು ಬಳಪ.

ಉಳಿತಾಯ ಅಂದರೆ ಆಗ ಗುಣವಲ್ಲ, ಬೇರೆ ದಾರಿ ಇರಲಿಲ್ಲ. ಒಂದನೇ ಕ್ಲಾಸಿನಿಂದ ಮೂರನೇ ಕ್ಲಾಸಿನವರೆಗೂ ಒಂದೇ ಸ್ಲೇಟು, ಒಂದು ಮೂಲೆ ಒಡೆದಿದ್ದು. ಬಳಪ ಬೆರಳಿಗೆ ಸಿಕ್ಕದಷ್ಟು ಚಿಕ್ಕದಾದರೆ ಪೆನ್ನಿನ ಮುಚ್ಚಳಕ್ಕೆ ಸಿಕ್ಕಿಸಿ ಬರೆಯುವುದು. ಪರೀಕ್ಷೆ ಮುಗಿದ ದಿನವೇ ಮುಂದಿನ ಕ್ಲಾಸಿನವರ ಹತ್ತಿರ ಪುಸ್ತಕ ಮಾತಾಡಿಕೊಳ್ಳಬೇಕು. ರಟ್ಟು ಗಟ್ಟಿ ಇದ್ದರೆ ಮುಕ್ಕಾಲು ಬೆಲೆ, ಕಿತ್ತಿದ್ದರೆ ಅರ್ಧ ಬೆಲೆ. ಹೋದ ವರ್ಷದ ನೋಟ್‌ಬುಕ್ಕಿನ ಖಾಲಿ ಹಾಳೆ ಎಣಿಸಿ ಕಿತ್ತು ಹೊಸ ನೋಟ್‌ಬುಕ್ಕು. ಬ್ಯಾಗು ಅಂದರೆ ವೈರ್ ಬ್ಯಾಗು, ಇಲ್ಲದಿದ್ದರೆ ಯೂರಿಯಾ ಚೀಲ ಕತ್ತರಿಸಿ ಹೊಲಿದದ್ದು.

ಎಲೆಕ್ಷನ್ ಬಂದ ವರ್ಷ ಬಟ್ಟೆ ಬ್ಯಾನರಿನ ಬ್ಯಾಗು. ನಮ್ಮ ಜೊತೆಯವನೊಬ್ಬನ ಚೀಲದ ಮೇಲೆ "ಮತ ನೀಡಿ" ಅನ್ನುವುದು ಮಾತ್ರ ಉಳಿದಿತ್ತು. ಯಾರಿಗೆ ಅನ್ನುವುದು ಹೊಲಿಗೆಯೊಳಗೆ ಹೋಗಿತ್ತು. ಏಳನೇ ಕ್ಲಾಸು ಮುಗಿಯುವವರೆಗೂ ಅವನ ಹೆಸರೇ ಮತನೀಡಿ.

ಚಿಹ್ನೆಗಾಗಿ ಇಂಥ ಜಗಳ ಅದೇ ಮೊದಲಲ್ಲ. ನಮ್ಮ ತಾತ ಹೇಳುತ್ತಿದ್ದ ಕಥೆ ಜೋಡೆತ್ತಿನದು. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ದೊಡ್ಡವರೆಲ್ಲ ಸೇರಿದ್ದರು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿಗೂ ಅವರಿಗೂ ಬಿರುಕು ದೊಡ್ಡದಾದದ್ದು ಅಲ್ಲೇ. ನವೆಂಬರ್ ಹೊತ್ತಿಗೆ ಪಕ್ಷ ಎರಡಾಗಿತ್ತು. ಜೋಡೆತ್ತು ಕೊನೆಗೆ ಇಬ್ಬರಿಗೂ ದಕ್ಕಲಿಲ್ಲ. ಇಂದಿರಾ ಕಡೆಯವರಿಗೆ ಹಸು ಕರು ಬಂತು, ಇನ್ನೊಂದು ಕಡೆಯವರಿಗೆ ಚರಕ ಹಿಡಿದ ಹೆಂಗಸು. 1971ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ರಾಜ್ಯದ 27ಕ್ಕೆ 27 ಸೀಟೂ ಹಸು ಕರುವಿಗೆ ಹೋದವು. ತಾತ ಮಾತ್ರ "ಉಳೋ ಎತ್ತು ಬಿಟ್ಟು ಕರು ಕಟ್ಕೊಂಡು ಏನ್ ಮಾಡೋದು" ಅಂತ ಕೊನೆವರೆಗೂ ಗೊಣಗುತ್ತಿದ್ದರು. 1978ರಲ್ಲಿ ಕೈ ಬಂದ ಮೇಲೆ ಗೊಣಗುವುದನ್ನೂ ಬಿಟ್ಟರು.

ನಮ್ಮೂರ 1999ರ ಜಗಳಕ್ಕೆ ಬರೋಣ. ದೊಡ್ಡಪ್ಪ ದೇವೇಗೌಡರ ಕಡೆ. ಎದುರು ಮನೆಯ ಮಾವ ಪಟೇಲರ ಕಡೆ. ಜುಲೈವರೆಗೂ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಪ್ರಚಾರಕ್ಕೆ ಹೋಗುತ್ತಿದ್ದವರು. ಆಗಸ್ಟ್‌ನಲ್ಲಿ ಮಾತು ನಿಂತಿತು. ಸೈಕಲ್ಲು ಯಾರದು ಅಂತ ಒಂದು ಪಂಚಾಯಿತಿಯೂ ಆಯಿತು.

ನಿಜವಾದ ಯುದ್ಧ ಡೈರಿ ಗೋಡೆಗೆ. ರಸ್ತೆಗೆ ಮುಖ ಮಾಡಿದ್ದ ಒಳ್ಳೆ ಗೋಡೆ ಊರಿಗೆಲ್ಲ ಅದೊಂದೇ. ದೊಡ್ಡಪ್ಪ ರಾತ್ರಿ ಸುಣ್ಣ ಬಳಿಸಿ ಬಂದರು, ಬೆಳಗ್ಗೆ ಒಣಗಿದ ಮೇಲೆ ಬರೆಸೋಣ ಅಂತ. ಬೆಳಗಿನ ಹಾಲು ಹಾಕಲು ಬಂದವರು ನೋಡಿದರೆ ಅದೇ ಸುಣ್ಣದ ಮೇಲೆ ನೀಲಿಯಲ್ಲಿ ಮಾವನ ಪಕ್ಷ! ದೊಡ್ಡಪ್ಪನಿಗೆ ಪಕ್ಷ ಬರೆದದ್ದಕ್ಕಿಂತ ತನ್ನ ಸುಣ್ಣದ ಮೇಲೆ ಬರೆದರಲ್ಲ ಅನ್ನುವುದೇ ಉರಿ. "ಸುಣ್ಣದ ಕಾಸು ಕೊಡು ಅನ್ನು ಅವನಿಗೆ" ಅಂತ ನಮ್ಮ ಕೈಲಿ ಹೇಳಿ ಕಳಿಸಿದರು. "ನೀಲಿ ಕಾಸು ಕಳೆದು ಕೊಡ್ತೀನಿ ಅನ್ನು" ಅಂತ ಮಾವ ಹೇಳಿ ಕಳಿಸಿದರು. ನಾವು ಆ ದಿನ ಎಂಟು ಸಲ ರಸ್ತೆ ದಾಟಿದೆವು.

ಗೋಡೆಗೆ ಬರೆಯುವುದಕ್ಕೆ ಆಗಲೇ ಕಾನೂನಿನ ತಡೆ ಇತ್ತು. ಸಾರ್ವಜನಿಕ ಸ್ಥಳ ವಿರೂಪ ಮಾಡಬಾರದು ಅಂತ ರಾಜ್ಯದ ಕಾಯ್ದೆ ಬಂದದ್ದು 1981ರಲ್ಲೇ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ 1990ರಿಂದ 1996ರವರೆಗೆ ಗೋಡೆ, ಮೈಕು, ಖರ್ಚು ಎಲ್ಲಕ್ಕೂ ಬಿಗಿ ಬಂತು. ನಮ್ಮೂರಿಗೆ ಆ ಬಿಗಿ ತಲುಪಿದ್ದು ನಿಧಾನವಾಗಿ, ಅದೂ ಜೀಪು ಬಂದ ದಿನ ಮಾತ್ರ.

ಡೈರಿ ಗೋಡೆ ತುಂಬಿದ ಮೇಲೆ ಒಂದು ರಾತ್ರಿ ಎರಡೂ ಕಡೆಯವರು ಶಾಲೆ ಗೋಡೆಗೆ ಕೈ ಹಾಕಿದರು. ಬೆಳಗ್ಗೆ ಹೆಡ್ ಮೇಷ್ಟ್ರು ಬಂದು ನೋಡಿದರು. ಬೈಯಲಿಲ್ಲ. ಇಬ್ಬರನ್ನೂ ಕರೆಸಿ ಹೇಳಿದ್ದು ಇಷ್ಟೇ: "ಇದು ನಾಳೆ ಬೂತು. ಕಂಪ್ಲೇಂಟ್ ಬರೆದರೆ ಇಬ್ಬರ ಹೆಸರೂ ಬರೀಬೇಕು. ಅಳಿಸಿಬಿಡಿ. ಹೆಂಗೂ ಸುಣ್ಣ ಕಲಸ್ತೀರಿ, ಒಂದೇ ಗೋಡೆ ಬೆಳ್ಳಗಾದರೆ ಚೆನ್ನಾಗಿರಲ್ಲ."

ನಾಲ್ಕು ವರ್ಷದಿಂದ ಸುಣ್ಣ ಕಾಣದ ಶಾಲೆಗೆ ಒಳಗೂ ಹೊರಗೂ ಎರಡು ಕೋಟು ಬಿತ್ತು. ದೊಡ್ಡಪ್ಪ ಒಂದು ಏಣಿ, ಮಾವ ಒಂದು ಏಣಿ, ಮಾತಿಲ್ಲ. ಬಕೆಟ್ ಒಂದೇ ಇತ್ತು. ಬಕೆಟ್ ಹೊತ್ತವರು ನಾವು.

ಆ ತಿಂಗಳು ನಮಗೆ ಒಂದು ನಷ್ಟವೂ ಆಯಿತು. 1995ರಿಂದ ಕೇಂದ್ರದ ಯೋಜನೆಯಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ತಿಂಗಳಿಗೆ 3 ಕೆಜಿ ಅಕ್ಕಿ ಕೊಡುತ್ತಿದ್ದರು. ಶೇ 80ರಷ್ಟು ಹಾಜರಿ ಇರಬೇಕು ಅನ್ನುವುದು ಷರತ್ತು. ಬಿಸಿಯೂಟ ಇನ್ನೂ ಬಂದಿರಲಿಲ್ಲ. ಅಕ್ಷರ ದಾಸೋಹ ನಮ್ಮ ಕಡೆಗೆ ಬರುವ ಹೊತ್ತಿಗೆ ನಾವು ಹೈಸ್ಕೂಲು. ಸೆಪ್ಟೆಂಬರ್‌ನಲ್ಲಿ ಮತದಾನ. ಪ್ರಚಾರದ ಜೀಪಿನ ಹಿಂದೆ, ಬ್ಯಾಡ್ಜಿನ ಆಸೆಗೆ, ಪಕ್ಕದೂರಿನವರೆಗೂ ಓಡಿದ್ದೆವು. ಹಾಜರಿ ಬಿತ್ತು. ಆ ತಿಂಗಳ ಅಕ್ಕಿ ನಮ್ಮ ಮನೆಗೆ ಬರಲಿಲ್ಲ.

ಅಮ್ಮ ನಮಗೆ ಎರಡು ಬಿಟ್ಟು ನೇರ ದೊಡ್ಡಪ್ಪನ ಮನೆ ಬಾಗಿಲಿಗೆ ಹೋದರು. "ನಿಮ್ಮ ಚಕ್ರ, ನಿಮ್ಮ ಗೋಡೆ, ನನ್ನ ಮಕ್ಕಳ ಅಕ್ಕಿ" ಅಂತ ಮೂರೇ ಮಾತು. ದೊಡ್ಡಪ್ಪ ಸಂಜೆ ರಾಗಿ ಕಳಿಸಿದರು. ಹೋಗಿದ್ದು ಅಕ್ಕಿ, ಬರಬೇಕಾದ್ದೂ ಅಕ್ಕಿ ಅಂತ ಅಮ್ಮ ವಾಪಸ್ ಕಳಿಸಿದರು. ಮಾರನೇ ದಿನ ಮೂರು ಕೆಜಿ ಅಕ್ಕಿ ಬಂತು. ಅದನ್ನು ತಂದವರು ಎದುರು ಮನೆಯ ಮಾವ. ಯಾರ ಅಕ್ಕಿ ಅಂತ ಅಮ್ಮ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಚುನಾವಣೆಯಲ್ಲಿ ಇಬ್ಬರ ಪಕ್ಷವೂ ಸೋತಿತು. ಕಾಂಗ್ರೆಸ್ಸಿಗೆ 132 ಸೀಟು, ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಸೋತ ಮೇಲೂ ಇವರ ಮಾತು ಶುರುವಾಗಲಿಲ್ಲ.

ಆಮೇಲಿನ ಬದಲಾವಣೆ ನಿಮಗೂ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇವೆ. 2004ಕ್ಕೆ ಎಲ್ಲ ಕಡೆ ಮತಯಂತ್ರ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. 2008ರಲ್ಲಿ ಹೊಸ ಮಹದೇವಪುರ ಕ್ಷೇತ್ರ. 2023ಕ್ಕೆ ಅಲ್ಲಿ 6 ಲಕ್ಷಕ್ಕೂ ಹೆಚ್ಚು ಮತದಾರರು. ಬಟ್ಟೆ ಬ್ಯಾನರ್ ಹೋಗಿ ಫ್ಲೆಕ್ಸ್ ಬಂತು. ಫ್ಲೆಕ್ಸಿನಲ್ಲಿ ಬ್ಯಾಗು ಹೊಲಿಯಲಾಗದು, ರಾಗಿ ಬಣವೆಗೆ ಹೊದಿಸಬಹುದು, ಅದೂ ಬಣವೆ ಇದ್ದರೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಪಾಲಿಕೆಯವರು ಸಾವಿರಾರು ಫ್ಲೆಕ್ಸ್ ಕಿತ್ತರು.

ಜಗಳವೂ ಗೋಡೆಯಿಂದ ಮತದಾರರ ಪಟ್ಟಿಗೆ ಹೋಯಿತು. 2018ರ ಮೇ ತಿಂಗಳಲ್ಲಿ ಪೀಣ್ಯದ ಮಗ್ಗುಲಿನ ಜಾಲಹಳ್ಳಿಯ ಒಂದು ಫ್ಲ್ಯಾಟಿನಲ್ಲಿ ಸಾವಿರಾರು ಗುರುತಿನ ಚೀಟಿ ಸಿಕ್ಕಿ ರಾಜರಾಜೇಶ್ವರಿ ನಗರದ ಮತದಾನವೇ ಮುಂದಕ್ಕೆ ಹೋಯಿತು. 2025ರ ಆಗಸ್ಟ್‌ನಲ್ಲಿ ಮಹದೇವಪುರದ ಪಟ್ಟಿಯಲ್ಲಿ ಲಕ್ಷ ಕಳ್ಳ ಮತ ಅಂತ ರಾಹುಲ್ ಗಾಂಧಿ ಆರೋಪ ಮಾಡಿದರು, ಆಯೋಗ ಒಪ್ಪಲಿಲ್ಲ. ಅದರ ತೀರ್ಮಾನ ನಮ್ಮ ಈ ಬರಹದ ಕೆಲಸವಲ್ಲ. ಒಂದು ಮಾತ್ರ ಹೇಳಬಹುದು. ನಮ್ಮೂರ ಬೂತಿನಲ್ಲಿ ಚೀಟಿ ಹಂಚುತ್ತಿದ್ದ ದೊಡ್ಡಪ್ಪನಿಗೂ ಮಾವನಿಗೂ ಪ್ರತಿಯೊಬ್ಬರ ಮುಖ ಗೊತ್ತಿತ್ತು. ಸತ್ತವರ ಹೆಸರಿಗೆ ಬಂದವರನ್ನು "ಏನಪ್ಪ, ತಿಥಿ ಊಟ ಚೆನ್ನಾಗಿತ್ತಾ" ಅಂತ ಕೇಳಿ ವಾಪಸ್ ಕಳಿಸುತ್ತಿದ್ದರು. ಅಷ್ಟಕ್ಕೇ ಅವರ ಜಗಳ ಉಪಯೋಗಕ್ಕೆ ಬರುತ್ತಿತ್ತು, ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿರುತ್ತಿದ್ದರಲ್ಲ.

ಇಬ್ಬರೂ ಮಾತಾಡಿದ್ದು 2010ರಲ್ಲಿ. ಆ ವರ್ಷ ಮಾರ್ಚ್ 28ಕ್ಕೆ ಬಿಬಿಎಂಪಿಗೆ ಮೊದಲ ಚುನಾವಣೆ, 198 ವಾರ್ಡು. ಗೆದ್ದವರು ಇವರಿಬ್ಬರ ಪಕ್ಷದವರೂ ಅಲ್ಲ. ಮಳೆಗಾಲದಲ್ಲಿ ಎರಡೂ ಮನೆಗೆ ಚರಂಡಿ ನೀರು ನುಗ್ಗಿತು. ಬೆಳಗ್ಗೆ ಆರಕ್ಕೇ ಕಾರ್ಪೊರೇಟರ್ ಮನೆ ಮುಂದೆ ದೊಡ್ಡಪ್ಪ ನಿಂತಿದ್ದರೆ ಹಿಂದೆಯೇ ಮಾವ. "ನೀನೂ ಬಂದ್ಯಾ" ಅಂದರಂತೆ. ಹನ್ನೊಂದು ವರ್ಷದ ಮೇಲೆ ಬಂದ ಮಾತು ಅದು. ಅವರು ಓಟು ಹಾಕದಿದ್ದ ಆ ಕಾರ್ಪೊರೇಟರ್ ಲುಂಗಿಯಲ್ಲೇ ಹೊರಗೆ ಬಂದು, ಇಬ್ಬರಿಂದಲೂ ಬೈಸಿಕೊಂಡು, ಆಳು ಕಳಿಸಿದರು.

2015ರ ಆಗಸ್ಟ್‌ನಲ್ಲಿ ಇನ್ನೊಂದು ಚುನಾವಣೆ ಆಯಿತು. 2020ರ ಸೆಪ್ಟೆಂಬರ್ 10ಕ್ಕೆ ಆ ಅವಧಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ. ವಾರ್ಡು 198ರಿಂದ ಎಷ್ಟಾಗಬೇಕು ಅಂತ ಎಣಿಸುವುದರಲ್ಲೇ ವರ್ಷಗಳು ಹೋದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು, ವೈಟ್‌ಫೀಲ್ಡ್ ಕಡೆಯೆಲ್ಲ ಪೂರ್ವ ಪಾಲಿಕೆ. ಐದು ವರ್ಷ ಒಂದು ವಾರ್ಡಿಗೂ ಕಾರ್ಪೊರೇಟರ್ ಇಲ್ಲದೆ ಕಳೆಯಿತು. ಅತ್ತ ಪಂಚಾಯಿತಿ ಉಳಿದಿರುವ ಹಳ್ಳಿಗಳಲ್ಲಿ 2020ರ ಡಿಸೆಂಬರ್‌ನಲ್ಲಿ ಚುನಾವಣೆ ಆಗಿತ್ತು. ಆಟೊ ಚಿಹ್ನೆ ತನಗೇ ಬೇಕು ಅಂತ ಅಲ್ಲಿ ಲಾಟರಿ ಎತ್ತುವಾಗ ಕಿತ್ತಾಡಿದ್ದನ್ನು ನಾವು ವರದಿ ಮಾಡಿದ್ದೆವು. ನಕ್ಕಿದ್ದೆವು ಕೂಡ. ಈಗ ಅನಿಸುತ್ತದೆ, ಕಿತ್ತಾಡಿದವರ ಮನೆ ಎಲ್ಲಿದೆ ಅಂತ ಆ ಹಳ್ಳಿಯವರಿಗೆ ಗೊತ್ತಿರುತ್ತದೆ.

ಡೈರಿ ಗೋಡೆ ಇದ್ದ ಜಾಗದಲ್ಲಿ ಐದು ಮಹಡಿಯ ಪಿಜಿ ಎದ್ದಿದೆ. ಗೋಡೆಯೇನೋ ದೊಡ್ಡದು, ಬಣ್ಣವೂ ಚೆನ್ನಾಗಿದೆ. ಮಾವ 2021ರಲ್ಲಿ ತೀರಿಕೊಂಡರು. ದೊಡ್ಡಪ್ಪನಿಗೆ ಎಂಬತ್ತು. ಐದು ಪಾಲಿಕೆ ಆದ ವಾರ ಊರಿಗೆ ಹೋಗಿದ್ದಾಗ ಜಗಲಿ ಮೇಲೆ ಕೂತಿದ್ದರು. ಮಳೆ ಬಂದು ರಸ್ತೆಯಲ್ಲಿ ನೀರು ನಿಂತಿತ್ತು.

"ಪೇಪರಿನೋರಲ್ವಾ ನೀವು, ಎಲೆಕ್ಷನ್ ಯಾವತ್ತಂತೆ?" ಅಂತ ಕೇಳಿದರು.

ಹೇಳಲು ನಮ್ಮ ಹತ್ತಿರ ತಾರೀಖು ಇರಲಿಲ್ಲ.