ರಿಬ್ಬನ್ ಎಂಬ ಹೆಸರು, ಎರಡು ಬಗೆಯ ಸ್ಪೀಕರ್

ಸ್ಪೀಕರ್ ಎಂದಾಕ್ಷಣ ಕಣ್ಮುಂದೆ ಬರುವುದು ಮರದ ಪೆಟ್ಟಿಗೆ, ಅದರೊಳಗೊಂದು ಕಾಗದದ ಕೋನ್. ಕೋನ್‌ಗೆ ಅಂಟಿಸಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಹಿಂದೆ ಮುಂದೆ ಅಲುಗಿದಂತೆ ಶಬ್ದ ಹೊರಡುತ್ತದೆ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಈ ವಿನ್ಯಾಸವೇ ಇಂದಿಗೂ ಮನೆಮನೆಯಲ್ಲಿದೆ.

ಅದೇ ಕಾಲಕ್ಕೆ, 1924ರಲ್ಲಿ, ಜರ್ಮನಿಯ ವಾಲ್ಟರ್ ಶಾಟ್ಕಿ ಮತ್ತು ಎರ್ವಿನ್ ಗೆರ್ಲಾಕ್ ಬೇರೆಯೇ ದಾರಿ ಹಿಡಿದಿದ್ದರು. ಸುರುಳಿಯೂ ಬೇಡ, ಕೋನ್ ಕೂಡ ಬೇಡ. ಅಯಸ್ಕಾಂತದ ಎರಡು ಧ್ರುವಗಳ ಸಂದಿಯಲ್ಲಿ ನಿರಿಗೆ ಹಿಡಿದ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಯನ್ನಿಟ್ಟು ಅದರಲ್ಲೇ ವಿದ್ಯುತ್ ಹರಿಸಿದರು. ವಿದ್ಯುತ್ ಹೊರುವುದೂ ಅದೇ, ಗಾಳಿಯನ್ನು ಅಲುಗಿಸುವುದೂ ಅದೇ. ಇದು ಅಸಲಿ ರಿಬ್ಬನ್.

ಪಟ್ಟಿ ಬಲು ಹಗುರವಾದ್ದರಿಂದ ತಾರಸ್ಥಾಯಿಯ ಸ್ವರಗಳು ಸೊಗಸಾಗಿ ಮೂಡುತ್ತವೆ. ಆದರೆ ಅದರ ವಿದ್ಯುತ್ ರೋಧ ಒಂದು ಓಮ್‌ಗಿಂತಲೂ ತೀರಾ ಕಡಿಮೆ. ಆಂಪ್ಲಿಫೈಯರ್‌ಗೆ ನೇರವಾಗಿ ಜೋಡಿಸುವುದೆಂದರೆ ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟ್ ಮಾಡಿದಂತೆ. ನಡುವೆ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಮಂದ್ರಕ್ಕಾಗಿ ಪಟ್ಟಿಯನ್ನು ಅಗಲ ಮಾಡೋಣವೆಂದರೆ ಧ್ರುವಗಳು ದೂರವಾಗಿ ಅಯಸ್ಕಾಂತದ ಬಲವೇ ಕುಗ್ಗುತ್ತದೆ. ಹೀಗಾಗಿ ರಿಬ್ಬನ್ ಬಹುಮಟ್ಟಿಗೆ ಟ್ವೀಟರ್ ಆಗಿಯೇ ಉಳಿಯಿತು.

ಈ ಬಿಕ್ಕಟ್ಟಿಗೆ ಇನ್ನೊಂದು ಉತ್ತರ ಬರಲು ಅಗ್ಗದ ಅಯಸ್ಕಾಂತ ಮತ್ತು ಗಟ್ಟಿ ಪ್ಲಾಸ್ಟಿಕ್ ಹಾಳೆ, ಎರಡೂ ಹುಟ್ಟಬೇಕಾಯಿತು. ಅಮೆರಿಕದ ಮಿನೆಸೋಟಾದಲ್ಲಿ 3ಎಂ ಕಂಪೆನಿಯಲ್ಲಿದ್ದ ಜಿಮ್ ವೈನಿ, ಫ್ರಿಜ್ ಬಾಗಿಲಿನ ರಬ್ಬರ್ ಅಂಚಿನಲ್ಲಿರುವಂಥ ಅಯಸ್ಕಾಂತದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಎದುರಿಗೆ ಮೈಲಾರ್ ಹಾಳೆಯನ್ನು ಬಿಗಿದು, ಹಾಳೆಯ ಮೇಲೆ ಉದ್ದನೆಯ ತಂತಿಯನ್ನು ಅಂಟಿಸಿದರು. 1969ರಲ್ಲಿ ಅವರು ಸ್ಥಾಪಿಸಿದ ಮ್ಯಾಗ್ನೆಪ್ಯಾನ್ ಕಂಪೆನಿಯ ಸ್ಪೀಕರ್ ನೋಡಲು ಕೋಣೆಯ ಅಡ್ಡತೆರೆಯಂತೆ! ಇದು ಪ್ಲಾನರ್ ಮ್ಯಾಗ್ನೆಟಿಕ್. ಇಲ್ಲಿ ವಿದ್ಯುತ್ ಹೊರುವುದು ತಂತಿ, ಗಾಳಿಯನ್ನು ತಳ್ಳುವುದು ಹಾಳೆ. ತಂತಿ ಉದ್ದವಾದ್ದರಿಂದ ರೋಧ ಕೆಲವು ಓಮ್‌ಗಳಷ್ಟಿದ್ದು, ಟ್ರಾನ್ಸ್‌ಫಾರ್ಮರ್‌ನ ಗೊಡವೆಯಿಲ್ಲ. ಹಾಳೆ ವಿಶಾಲವಾದಷ್ಟೂ ಮಂದ್ರಕ್ಕೆ ಅನುಕೂಲ. ಆದರೆ ಬರಿಯ ಅಲ್ಯೂಮಿನಿಯಂ ಪಟ್ಟಿಯ ಹಗುರತನ ಇದಕ್ಕಿಲ್ಲ.

ಗೊಂದಲ ಶುರುವಾದದ್ದು ಹೆಸರಿನಿಂದ. ತಂತಿಗೆ ಬದಲು ಲೋಹದ ತೆಳುಪಟ್ಟಿಯನ್ನು ಹಾಳೆಗೆ ಅಂಟಿಸಿದಾಗ ಅದಕ್ಕೆ 'ಕ್ವಾಸಿ ರಿಬ್ಬನ್' ಎಂಬ ಹೆಸರು ಬಂತು. ಮಾರಾಟಕ್ಕೆ ಒಳ್ಳೆಯ ಹೆಸರೇ. ಆದರೆ ಕೊಳ್ಳುವವನಿಗೆ ಸಿಗುವುದು ಪ್ಲಾನರ್. ಮ್ಯಾಗ್ನೆಪ್ಯಾನ್ ತನ್ನ ದುಬಾರಿ ಮಾದರಿಗಳಲ್ಲಿ ತಾರಕ್ಕೆ ಅಸಲಿ ರಿಬ್ಬನ್, ಮಂದ್ರಕ್ಕೆ ಪ್ಲಾನರ್ ಎಂದು ಎರಡನ್ನೂ ಕೂಡಿಸಿತು.

ರಿಬ್ಬನ್ನನ್ನೇ ಆಳೆತ್ತರಕ್ಕೆ ಬೆಳೆಸುವ ಸಾಹಸ ಮಾಡಿದ್ದು 1980ರ ದಶಕದ ಅಪೋಜೀ ಕಂಪೆನಿ. ಅದೂ ಮಂದ್ರಕ್ಕೆ ಪ್ಲಾಸ್ಟಿಕ್ ಪದರದ ಆಸರೆ ಪಡೆಯಿತು. ಅದರ 'ಸಿಂಟಿಲಾ' ಮಾದರಿಯ ರೋಧ ಒಂದೇ ಓಮ್‌ನ ಆಸುಪಾಸು. ಅದನ್ನು ನಡೆಸಲು ಸಾಮಾನ್ಯ ಆಂಪ್ಲಿಫೈಯರ್‌ಗಳಿಂದ ಆಗುತ್ತಿರಲಿಲ್ಲ. ಕಂಪೆನಿ 1999ರಲ್ಲಿ ಬಾಗಿಲು ಹಾಕಿತು. ಅದರ ಹಳೆಯ ಸ್ಪೀಕರ್‌ಗಳಿಗೆ ಹೊಸ ಪಟ್ಟಿ ಹಾಕಿಸಿ ಕೇಳುವವರು ಇಂದಿಗೂ ಇದ್ದಾರೆ.